ಚಾಪೆಲ್ ಮುಚ್ಚಿದ ಮೇಲೆ

(ದಾವಣಗೆರೆಯಲ್ಲಿ ಗೆಳೆಯರ ಓದುವ ಬಳಗವೊಂದರ ಮುಂದೆ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯ ಪ್ರಶ್ನೋತ್ತರವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ನನ್ನನ್ನು ‘ವಿಚಾರವಾದಿ ವೈದ್ಯರು’ ಎಂದರು. ವೈದ್ಯ ಹೌದು. ವಿಚಾರವಾದಿ ಎನ್ನುವುದನ್ನು ನನ್ನ ಹೆಂಡತಿ ಒಪ್ಪುವುದಿಲ್ಲ. ಹೋದ ವರ್ಷ ಹೊಸ ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವನು ನಾನೇ ಎಂಬುದು ಅವಳಿಗೆ ಗೊತ್ತು.

ಜನ ಧರ್ಮವನ್ನು ಬಿಟ್ಟಾಗ ಬದುಕು ಹೇಗೆ ಬದಲಾಗುತ್ತದೆ ಎಂಬುದು ಇವತ್ತಿನ ಮಾತು. ಒಂದು ಪ್ರಸಂಗದಿಂದ ಶುರು ಮಾಡುತ್ತೇನೆ. ನನ್ನನ್ನು ಒಮ್ಮೆ ಪುರೋಹಿತನ ಜಾಗದಲ್ಲಿ ನಿಲ್ಲಿಸಿದ್ದರು. ಹೊನ್ನಾಳಿ ತಾಲ್ಲೂಕಿನಲ್ಲಿ ಹುಟ್ಟಿದ, ಬೈಬಲನ್ನು ಒಂದು ಪುಟವೂ ಓದದ ನಾನು, ಬ್ರಿಟನ್ನಿನ ಭಾಗವಾದ ವೇಲ್ಸ್ ದೇಶದ ಕಣಿವೆಯೊಂದರ ಚಿತಾಗಾರದಲ್ಲಿ, ಕಪ್ಪು ಕೋಟು ತೊಟ್ಟು ಒಂದು ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದೆ. ತೀರಿಕೊಂಡವರು ನನ್ನ ರೋಗಿ. ಹದಿನೈದನೆಯ ವಯಸ್ಸಿಗೆ ಕಲ್ಲಿದ್ದಲ ಗಣಿಗೆ ಇಳಿದವರು. ಎಂಬತ್ತೆರಡಕ್ಕೆ, ಉಸಿರು ಎಳೆದುಕೊಳ್ಳುವುದೇ ಒಂದು ಕೆಲಸವಾಗಿ ಹೋದರು. ಅಲ್ಲಿನ ಹಳಬರು ಆ ಕಾಯಿಲೆಗೆ ಉದ್ದನೆಯ ಹೆಸರು ಹೇಳುವುದಿಲ್ಲ. ‘ಅವನಿಗೆ ದೂಳು ಇದೆ’ ಎನ್ನುತ್ತಾರೆ, ಅಷ್ಟೇ. ಅವರ ಮಗಳು ಫೋನ್ ಮಾಡಿ, “ಡಾಕ್ಟರ್, ಅಪ್ಪ ಪಾದ್ರಿ ಬೇಡ ಎಂದು ಹೇಳಿ ಹೋಗಿದ್ದಾರೆ. ಕೊನೆಯ ಹತ್ತು ವರ್ಷ ಅವರನ್ನು ಚೆನ್ನಾಗಿ ಬಲ್ಲವರು ನೀವು. ನೀವೇ ನಾಲ್ಕು ಮಾತು ಆಡುತ್ತೀರಾ?” ಎಂದರು.

ಸಿಕ್ಕಿದ್ದು ಅರ್ಧ ಗಂಟೆ. ಹೊರಗೆ ಮುಂದಿನ ಶವದ ಕಾರು ಆಗಲೇ ಬಂದು ನಿಂತಿತ್ತು. ಅವರ ತೋಟ, ಅವರು ಸಾಕಿದ ಪಾರಿವಾಳ, ಗಣಿ ಮುಷ್ಕರದ ವರ್ಷ ಅವರು ಮನೆಯ ಪಿಯಾನೊ ಮಾರಿದ್ದು, ಇಷ್ಟು ಹೇಳಿ ಮುಗಿಸಿದೆ. ದೇವರ ಹೆಸರು ಒಮ್ಮೆಯೂ ಬರಲಿಲ್ಲ. ಆಮೇಲೆ ಮಗಳು ತಲೆಯಾಡಿಸಿದಳು, ಆರ್ಗನ್ ಶುರುವಾಯಿತು, ಎಲ್ಲರೂ ಎದ್ದು ನಿಂತು ಹಾಡಿದರು. ಅದು ಒಂದು ಭಕ್ತಿಗೀತೆ. ಧಾಟಿಯ ಹೆಸರು ಕುಮ್ ರೋಂದಾ; 1907ರಲ್ಲಿ ಜಾನ್ ಹ್ಯೂಸ್ ಎಂಬಾತ ಪಾಂಟಿಪ್ರಿದ್ ಪಟ್ಟಣದ ಹತ್ತಿರದ ಒಂದು ಚಾಪೆಲ್‌ಗಾಗಿ, ಅಂದರೆ ಊರವರ ಪ್ರಾರ್ಥನಾ ಮಂದಿರಕ್ಕಾಗಿ, ಕಟ್ಟಿದ್ದು. ಬರಡು ನೆಲದಲ್ಲಿ ನಡೆಯುವ ಯಾತ್ರಿಕ, ಕೈ ಹಿಡಿದು ನಡೆಸೆಂದು ದೇವರನ್ನು ಕೇಳುವ ಹಾಡು. ಮಂದ್ರದಲ್ಲಿ ಗಂಡಸರು, ಮೇಲಿನ ಸ್ವರದಲ್ಲಿ ಹೆಂಗಸರು, ಯಾರ ಕೈಯಲ್ಲೂ ಪುಸ್ತಕವಿಲ್ಲ. ದೇವರು ಬೇಡ ಎಂದು ಹೇಳಿ ಹೋದ ಮನುಷ್ಯ ಆ ಹಾಡು ಬೇಕು ಎಂದೂ ಹೇಳಿ ಹೋಗಿದ್ದರು.

ಆ ದಿನ ಮನೆಗೆ ಬಂದು ಬಹಳ ಹೊತ್ತು ಯೋಚಿಸಿದೆ. ನಮ್ಮ ತಂದೆ ತೀರಿಕೊಂಡಾಗ ನಾನು ಊರಿಗೆ ಬಂದು ಹದಿಮೂರು ದಿನದ ಕರ್ಮವನ್ನೆಲ್ಲ ಮಾಡಿದ್ದೆ. ನಂಬಿಕೆಯಿಂದ ಮಾಡಿದೆನೇ? ಇಲ್ಲ. ನಾನು ನಂಬುವುದಿಲ್ಲವೆಂಬುದು ನನ್ನ ಅಣ್ಣನಿಗೂ ಗೊತ್ತಿತ್ತು, ಪುರೋಹಿತರಿಗೂ ಗೊತ್ತಿತ್ತು. ಯಾರಿಗೂ ಅದು ಮುಖ್ಯವಾಗಿರಲಿಲ್ಲ. ನಮ್ಮ ಕಡೆ ‘ದೇವರಿಲ್ಲ’ ಎಂದು ಹೇಳುವುದು ಸುಲಭ, ಕಟ್ಟೆಯ ಮೇಲೆ ಕೂತು ಯಾರು ಬೇಕಾದರೂ ಹೇಳಬಹುದು. ‘ತಿಥಿ ಮಾಡುವುದಿಲ್ಲ’ ಎಂದು ಹೇಳಿ ನೋಡಿ. ಮನೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಜನ ಧರ್ಮವನ್ನು ಬಿಟ್ಟರೇ ಎಂಬ ಪ್ರಶ್ನೆಗೆ ಉತ್ತರವನ್ನು ತಲೆಯೊಳಗಿನ ನಂಬಿಕೆಯಲ್ಲಿ ಹುಡುಕಬಾರದು ಎಂಬುದು ನನ್ನ ವಾದ. ತೊಟ್ಟಿಲ ಹತ್ತಿರ, ಮದುವೆಯ ಮನೆಯಲ್ಲಿ, ಮಸಣದಲ್ಲಿ, ಭಾನುವಾರದ ಬೆಳಿಗ್ಗೆ ಹತ್ತು ಗಂಟೆಗೆ ಜನ ಏನು ಮಾಡುತ್ತಾರೆ, ಅಲ್ಲಿ ಹುಡುಕಬೇಕು.

ಈ ವಿಷಯಕ್ಕೆ ಕನ್ನಡದಲ್ಲಿ ಒಂದು ಪದ ಹುಡುಕಿ ಸೋತೆ. ‘ಧರ್ಮವಿಲ್ಲದವರು’ ಎಂದರೆ ನಮ್ಮ ಕಿವಿಗೆ ಕರುಣೆಯಿಲ್ಲದವರು ಎಂದೇ ಕೇಳುತ್ತದೆ. ಭಿಕ್ಷುಕ ಕೇಳುವುದೂ ಧರ್ಮವನ್ನೇ, ಆಸ್ಪತ್ರೆಯೂ ಧರ್ಮಾಸ್ಪತ್ರೆ. ‘ಮತವಿಲ್ಲದವರು’ ಎಂದರೆ ಚುನಾವಣಾ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರು. ‘ನಾಸ್ತಿಕರು’ ಎನ್ನೋಣವೆಂದರೆ, ನಾನು ಕಂಡವರಲ್ಲಿ ಬಹಳ ಮಂದಿ ನಾಸ್ತಿಕರಲ್ಲ. ನಾಸ್ತಿಕನಿಗೆ ದೇವರೊಂದಿಗೆ ಒಂದು ಜಗಳವಾದರೂ ಇರುತ್ತದೆ. ಇವರಿಗೆ ಜಗಳವೂ ಇಲ್ಲ. ಹೋಗುವುದು ನಿಂತಿತು, ಅಷ್ಟೇ. ಹಾಗಾಗಿ ಇವತ್ತು ‘ಧರ್ಮ ಬಿಟ್ಟವರು’ ಎಂದು ಕರೆಯುತ್ತೇನೆ, ಅದೂ ಪೂರ್ತಿ ಸರಿಯಲ್ಲ ಎಂದು ತಿಳಿದೇ.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿಯಲ್ಲಿ ‘ನಿಮ್ಮ ಧರ್ಮ ಯಾವುದು’ ಎಂಬ ಪ್ರಶ್ನೆ ಸೇರಿದ್ದು 2001ರಲ್ಲಿ. ಉತ್ತರಿಸುವುದು ಬಿಡುವುದು ಅವರವರ ಇಷ್ಟ. ಆ ವರ್ಷ ಸುಮಾರು 3 ಲಕ್ಷ 90 ಸಾವಿರ ಜನ ಸಿನಿಮಾ ಒಂದರ ಕಲ್ಪಿತ ಯೋಧರ ಪಂಥವಾದ ‘ಜೆಡೈ’ ಎಂದು ಬರೆದರು. ಸರ್ಕಾರದ ಕಾಗದದಲ್ಲಿ ಇಷ್ಟು ಜನ ಒಟ್ಟಾಗಿ ತಮಾಷೆ ಮಾಡಿದಾಗಲೇ ಯಾರಾದರೂ ಗಂಭೀರವಾಗಿ ನೋಡಬೇಕಿತ್ತು. ವೇಲ್ಸ್‌ನಲ್ಲಿ ‘ಯಾವ ಧರ್ಮವೂ ಇಲ್ಲ’ ಎಂದವರು 2001ರಲ್ಲಿ 18.5%, 2011ರಲ್ಲಿ 32.1%, 2021ರಲ್ಲಿ 46.5%. ಕ್ರೈಸ್ತರು ಎಂದವರು ಅದೇ ಇಪ್ಪತ್ತು ವರ್ಷದಲ್ಲಿ 71.9%ರಿಂದ 43.6%ಕ್ಕೆ ಇಳಿದರು. ಧರ್ಮ ಬಿಟ್ಟವರೆಂದರೆ ಲಂಡನ್ನಿನ ಕಾಫಿ ಅಂಗಡಿಯಲ್ಲಿ ಕೂತ ಓದಿದ ಮಂದಿ ಎಂದು ನಾವು ತಿಳಿದಿರುತ್ತೇವೆ. 2021ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಎರಡರಲ್ಲೂ ಸೇರಿಸಿ, ಧರ್ಮವಿಲ್ಲ ಎಂದವರ ಪ್ರಮಾಣದಲ್ಲಿ ಮೊದಲ ಮೂರು ಸ್ಥಾನ ಪಡೆದ ಜಿಲ್ಲೆಗಳು ಕೇರ್‌ಫಿಲಿ, ಬ್ಲೈನೈ ಗ್ವೆಂಟ್, ರೋಂದಾ ಕನನ್ ತಾವ್. ಮೂರರಲ್ಲೂ 56% ದಾಟಿತ್ತು. ಮೂರೂ ಹಳೆಯ ಕಲ್ಲಿದ್ದಲ ಕಣಿವೆಗಳು, ಕೂಲಿ ಮಾಡಿದವರ, ಬಡವರ ಊರುಗಳು. ನಾನು ಹತ್ತೊಂಬತ್ತು ವರ್ಷ ನಾಡಿ ಹಿಡಿದದ್ದು ಅಲ್ಲಿಯೇ.

ಈ ಅಂಕಿ ಏಕೆ ಬೆರಗು ಹುಟ್ಟಿಸಬೇಕು ಎಂದರೆ, ನೂರು ವರ್ಷದ ಹಿಂದೆ ಇಡೀ ಬ್ರಿಟನ್ನಿನಲ್ಲಿ ಇಷ್ಟು ದೈವಭಕ್ತರ ಸೀಮೆ ಸಿಗುವುದು ಅಪರೂಪವಾಗಿತ್ತು. ಅಲ್ಲಿ ಚರ್ಚ್ ಬೇರೆ, ಚಾಪೆಲ್ ಬೇರೆ. ಚರ್ಚ್ ಎಂದರೆ ಆಗ ಇಂಗ್ಲೆಂಡಿನ ರಾಜಧರ್ಮ, ಜಮೀನ್ದಾರನ ಕಡೆಯದು. ಚಾಪೆಲ್ ಎಂದರೆ ಊರವರು ಕೂಲಿಯಲ್ಲಿ ಉಳಿಸಿದ ಕಾಸಿನಲ್ಲಿ ತಾವೇ ಕಟ್ಟಿಕೊಂಡದ್ದು. ಬ್ಯಾಪ್ಟಿಸ್ಟ್, ಮೆಥಡಿಸ್ಟ್ ಮುಂತಾದ ಪಂಗಡಗಳದು, ವೆಲ್ಷ್ ನುಡಿಯದು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಎಂಟು ದಿನಕ್ಕೊಂದು ಚಾಪೆಲ್ ಎದ್ದಿತೆಂದು ಲೆಕ್ಕ ಹೇಳುತ್ತಾರೆ. ಬೆಥೆಲ್, ಮೊರಿಯ, ಹೆರ್ಮೋನ್, ಬೆಥಾನಿಯ ಎಂದು ಬೀದಿಗೊಂದು ಪ್ಯಾಲೆಸ್ತೀನದ ಹೆಸರು. ಬೆಥೆಸ್ದ ಎಂಬ ಊರಿಗೆ ಊರೇ ತನ್ನ ಚಾಪೆಲ್‌ನ ಹೆಸರನ್ನು ಇಟ್ಟುಕೊಂಡಿದೆ. 1881ರಲ್ಲಿ ವೇಲ್ಸ್‌ಗೆಂದೇ ಒಂದು ಕಾನೂನು ಬಂದು ಭಾನುವಾರ ಹೆಂಡದಂಗಡಿಗಳು ಮುಚ್ಚಿದವು.

1904ರಲ್ಲಿ ಲಖರ್ ಎಂಬ ಊರಿನ ಮೊರಿಯ ಚಾಪೆಲ್‌ನಲ್ಲಿ ಇವಾನ್ ರಾಬರ್ಟ್ಸ್ ಎಂಬ ಇಪ್ಪತ್ತಾರರ ತರುಣ, ಹಿಂದೆ ಗಣಿಯಲ್ಲಿ ದುಡಿದವನು, ಪ್ರಾರ್ಥನೆ ಶುರು ಮಾಡಿದ. ಅದು ಕಾಳ್ಗಿಚ್ಚಿನಂತೆ ಹಬ್ಬಿತು. ಇಪ್ಪತ್ತು ಲಕ್ಷದಷ್ಟು ಜನರಿದ್ದ ದೇಶದಲ್ಲಿ ಒಂದು ಲಕ್ಷ ಮಂದಿ ಹೊಸದಾಗಿ ಚಾಪೆಲ್ ಸೇರಿದರೆನ್ನುತ್ತಾರೆ. ಆಗಿನ ಒಂದು ಕಥೆಯನ್ನು ನನ್ನ ರೋಗಿಗಳು ಇನ್ನೂ ಹೇಳುತ್ತಿದ್ದರು. ಗಣಿಯೊಳಗೆ ಬಂಡಿ ಎಳೆಯಲು ಕುದುರೆಮರಿಯಂಥ ತಟ್ಟುಗಳಿದ್ದವು. ಆಳುಗಳೆಲ್ಲ ಭಕ್ತರಾಗಿ ಬೈಗುಳ ಬಿಟ್ಟುಬಿಟ್ಟರು. ಬೈಗುಳದಲ್ಲೇ ಆಜ್ಞೆ ಕೇಳಿ ಅಭ್ಯಾಸವಾಗಿದ್ದ ತಟ್ಟುಗಳಿಗೆ ಈ ಹೊಸ ಮಾತು ಅರ್ಥವಾಗದೆ ನಿಂತಲ್ಲೇ ನಿಂತವಂತೆ!

ಅಂಥ ನಾಡು ಹೀಗೇಕಾಯಿತು? ವಿಜ್ಞಾನ ಓದಿ ಬದಲಾದರು ಎಂಬ ಉತ್ತರ ನಮಗೆ ಇಷ್ಟವಾಗುತ್ತದೆ, ಆದರೆ ನಾನು ಕಂಡದ್ದಕ್ಕೆ ಅದು ಹೊಂದುವುದಿಲ್ಲ. ದುರಂತಗಳು ದೇವರ ಮೇಲಿನ ವಿಶ್ವಾಸ ಕಳೆದವು ಎಂಬುದೂ ಅರ್ಧ ಸತ್ಯ. ಕೇರ್‌ಫಿಲಿ ಜಿಲ್ಲೆಯ ಸೆಂಗೆನಿದ್ ಗಣಿಯಲ್ಲಿ 1913ರ ಅಕ್ಟೋಬರ್ 14ರಂದು 439 ಕಾರ್ಮಿಕರು ಸತ್ತರು. ಆಮೇಲೂ ದಶಕಗಟ್ಟಲೆ ಆ ಕಣಿವೆಯ ಜನ ಚಾಪೆಲ್‌ಗೆ ಹೋದರು. 1966ರಲ್ಲಿ ಅಬರ್‌ವಾನ್ ಊರಿನ ಶಾಲೆಯ ಮೇಲೆ ಗಣಿಯ ತ್ಯಾಜ್ಯದ ಗುಡ್ಡ ಕುಸಿದು 116 ಮಕ್ಕಳೂ 28 ದೊಡ್ಡವರೂ ಸತ್ತಾಗ, ದೇಹಗಳನ್ನು ಸಾಲಾಗಿ ಇಟ್ಟು ತಂದೆತಾಯಿಗಳಿಗೆ ತೋರಿಸಿದ್ದು ಬೆಥಾನಿಯ ಚಾಪೆಲ್‌ನಲ್ಲಿ. ದುಃಖ ಬಂದಾಗ ಊರಿಗೆ ಇದ್ದ ದೊಡ್ಡ ಮನೆ ಅದೊಂದೇ.

ನನಗೆ ಕಾಣುವ ಕಾರಣ ಇನ್ನೂ ಸಾದಾ. ಚಾಪೆಲ್ ಮಾಡುತ್ತಿದ್ದ ಕೆಲಸಗಳು ಒಂದೊಂದಾಗಿ ಬೇರೆಯವರ ಕೈ ಸೇರಿದವು. ಅಕ್ಷರ ಕಲಿಸುತ್ತಿದ್ದುದು ಚಾಪೆಲ್‌ನ ಭಾನುವಾರದ ಶಾಲೆ. ಸರ್ಕಾರಿ ಶಾಲೆ ಬಂತು. ಕೂಲಿಯಲ್ಲಿ ಕಾಸು ಕಡಿಸಿಕೊಂಡು ಗಣಿಯವರು ತಮ್ಮದೇ ಭವನ ಕಟ್ಟಿದರು, ಅದರಲ್ಲಿ ಗ್ರಂಥಾಲಯ, ಬಿಲಿಯರ್ಡ್ಸ್, ನಾಟಕ. ಬ್ಲೈನೈ ಗ್ವೆಂಟ್‌ನ ಟ್ರೆಡೀಗರ್ ಪಟ್ಟಣದ ಅಂಥ ಗ್ರಂಥಾಲಯದಲ್ಲಿ ಓದಿ ಬೆಳೆದವನು ಅನೈರಿನ್ ಬೆವನ್. ಆ ಊರಿನ ಕಾರ್ಮಿಕರು ಚಂದಾ ಎತ್ತಿ ತಮ್ಮ ಮನೆಯವರ ಔಷಧೋಪಚಾರಕ್ಕೆ ಒಂದು ಸಂಘ ಮಾಡಿಕೊಂಡಿದ್ದರು. ಮುಂದೆ ಆತ ಆರೋಗ್ಯ ಮಂತ್ರಿಯಾಗಿ 1948ರ ಜುಲೈ 5ರಂದು ಇಡೀ ದೇಶಕ್ಕೆ ಉಚಿತ ವೈದ್ಯ ಸೇವೆ ತಂದ. ಬ್ಯಾಪ್ಟಿಸ್ಟ್ ಅಪ್ಪನ ಮಗ, ಸ್ವತಃ ದೇವರನ್ನು ನಂಬದವನು. ಕಷ್ಟಕ್ಕೆ ಆಗುವವರು ಯಾರು ಎಂಬ ಪ್ರಶ್ನೆಗೆ ‘ಯೂನಿಯನ್’, ‘ಸರ್ಕಾರ’ ಎಂಬ ಉತ್ತರಗಳು ಬಂದ ಮೇಲೆ ಚಾಪೆಲ್‌ಗೆ ಉಳಿದದ್ದು ದೇವರೊಬ್ಬನೇ. ಬರೀ ದೇವರಿಗಾಗಿ ಮಳೆಯಲ್ಲಿ ಎದ್ದು ಹೋಗುವವರು ಕಡಿಮೆ.

ಇನ್ನೊಂದು ಕಾರಣವನ್ನು ಕನ್ನಡದವರು ಕಿವಿಗೊಟ್ಟು ಕೇಳಬೇಕು. ಚಾಪೆಲ್‌ನ ನುಡಿ ವೆಲ್ಷ್. 1911ರಲ್ಲಿ ವೇಲ್ಸ್‌ನ 43.5% ಜನಕ್ಕೆ ಆ ನುಡಿ ಬರುತ್ತಿತ್ತು, 2021ರಲ್ಲಿ 17.8%. ಕಣಿವೆಗಳಿಗೆ ಹೊರಗಿನಿಂದ ಕೂಲಿಗೆ ಬಂದವರು ತುಂಬಿದರು, ಬೀದಿಯ ಮಾತು ಇಂಗ್ಲಿಷ್ ಆಯಿತು. ಅಜ್ಜ ವೆಲ್ಷ್‌ನಲ್ಲಿ ಪ್ರಾರ್ಥಿಸಿದ. ಮೊಮ್ಮಗನಿಗೆ ಅದು ನಮಗೆ ಸಂಸ್ಕೃತದ ಮಂತ್ರವಿದ್ದಂತೆ ಆಯಿತು. ಆದರೆ ಸಂಸ್ಕೃತ ತಿಳಿಯದಿದ್ದರೂ ನಮ್ಮ ಪೂಜೆ ನಡೆಯುತ್ತದೆ, ಏಕೆಂದರೆ ನಮ್ಮದು ಮಾಡುವ ಧರ್ಮ. ಅವರದು ಕೇಳುವ ಧರ್ಮ, ಒಂದೂವರೆ ಗಂಟೆಯ ಉಪದೇಶದ ಧರ್ಮ. ಮಾತು ತಿಳಿಯದ ಮೇಲೆ ಕೂತು ಮಾಡುವುದೇನು? ಗಣಿಗಳು ಮುಚ್ಚುವ ಹೊತ್ತಿಗೆ, ಕೊನೆಯ ದೊಡ್ಡ ಆಳದ ಗಣಿ ಟವರ್ 2008ರಲ್ಲಿ ಮುಚ್ಚಿತು, ಚಾಪೆಲ್‌ಗಳಲ್ಲಿ ಮುದುಕಿಯರು ಮಾತ್ರ ಉಳಿದಿದ್ದರು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಲು ಅಪ್ಪಣೆ ಕೊಡಿ. ಚಿತಾಗಾರ ಎಂದೆನಲ್ಲ, ಅದರ ಕಥೆಗೂ ನಮಗೂ ಸಂಬಂಧವಿದೆ. ರೋಂದಾ ಪಕ್ಕದ ಲಾಂಟ್ರಿಸಂಟ್ ಬೆಟ್ಟದ ಮೇಲೆ ಡಾಕ್ಟರ್ ವಿಲಿಯಂ ಪ್ರೈಸ್ ಎಂಬ ವಿಚಿತ್ರ ಮನುಷ್ಯನಿದ್ದ. ತಲೆಯ ಮೇಲೆ ನರಿಯ ಚರ್ಮ, ತಾನು ಕ್ರೈಸ್ತಮತ ಬರುವ ಮೊದಲಿನ ಪುರೋಹಿತರಾದ ಡ್ರೂಯಿಡ್‌ಗಳ ಪಂಥದವನೆಂಬ ನಂಬಿಕೆ. ಎಂಬತ್ತು ದಾಟಿದ ಮೇಲೆ ಹುಟ್ಟಿದ ಮಗನಿಗೆ ‘ಯೇಸು ಕ್ರಿಸ್ತ’ ಎಂದು ಹೆಸರಿಟ್ಟ. ಐದು ತಿಂಗಳ ಕೂಸು ಸತ್ತಿತು. 1884ರ ಜನವರಿಯ ಒಂದು ಭಾನುವಾರ, ಜನ ಚಾಪೆಲ್ ಬಿಟ್ಟು ಹೊರಬರುವ ಸಂಜೆಯಲ್ಲಿ, ಬೆಟ್ಟದ ಮೇಲೆ ಅದನ್ನು ಸುಡಲು ಬೆಂಕಿ ಹಚ್ಚಿದ. ಕ್ರೈಸ್ತರ ನಾಡಿನಲ್ಲಿ ಹೆಣ ಸುಡುವುದು! ಜನ ಮುತ್ತಿದರು, ಪೊಲೀಸರು ಹಿಡಿದರು. ಕಾರ್ಡಿಫ್‌ನ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ, ಸುತ್ತಲಿನವರಿಗೆ ಉಪದ್ರವವಾಗದಂತೆ ದೇಹವನ್ನು ಸುಡುವುದು ಅಪರಾಧವಲ್ಲ ಎಂದರು. ಅದರಿಂದ ದಾರಿ ತೆರೆದು 1902ರಲ್ಲಿ ಕಾನೂನೇ ಬಂತು. ಇವತ್ತು ಬ್ರಿಟನ್ನಿನಲ್ಲಿ ಐದು ಸಾವಿನಲ್ಲಿ ಸುಮಾರು ನಾಲ್ಕಕ್ಕೆ ದಹನವೇ ಆಗುತ್ತದೆ. ಆ ನ್ಯಾಯಮೂರ್ತಿ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. 1869ರಿಂದ 1872ರವರೆಗೆ ಭಾರತದ ವೈಸ್‌ರಾಯ್ ಸಭೆಯಲ್ಲಿ ಕಾನೂನು ಸದಸ್ಯ. ನಮ್ಮ ವಕೀಲರು ಮೊನ್ನೆಮೊನ್ನೆಯವರೆಗೆ ಹಿಡಿದು ಓಡಾಡಿದ 1872ರ ಸಾಕ್ಷ್ಯ ಕಾಯಿದೆಯ ಕರ್ತೃ. ಅದೇ ವರ್ಷ, ಅದೇ ಸ್ಟೀಫನ್ ಕಾಲದಲ್ಲಿ, ಇನ್ನೊಂದು ಕಾಯಿದೆಯೂ ಆಯಿತು: ಪುರೋಹಿತರಿಲ್ಲದೆ ಸರ್ಕಾರದ ಮುಂದೆ ಮದುವೆಯಾಗುವ ಕಾಯಿದೆ. ಬ್ರಹ್ಮಸಮಾಜದವರು ಕೇಳಿದ್ದು. ಷರತ್ತು ಏನೆಂದರೆ, ಗಂಡು ಹೆಣ್ಣು ಇಬ್ಬರೂ ‘ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ...’ ಎಂದು ಪಟ್ಟಿ ಓದಿ ಸಹಿ ಹಾಕಬೇಕು. ವೇಲ್ಸ್‌ನವರು 2001ರಲ್ಲಿ ಗುರುತು ಹಾಕಿದ ಆ ಅಂಕಣ ನಮ್ಮಲ್ಲಿ 1872ರಲ್ಲೇ ಇತ್ತು. 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ಆ ಷರತ್ತು ಹೋಯಿತು, ನೋಟಿಸ್ ಮಾತ್ರ ಉಳಿಯಿತು, ಅದೂ ಮೂವತ್ತು ದಿನದ್ದು. ಆ ನೋಟಿಸ್ ಓದಿಕೊಂಡು ಮನೆಯವರು ಲಾರಿ ತುಂಬ ಬರುವುದನ್ನು ನೀವೂ ಕಂಡಿದ್ದೀರಿ.

ಸರಿ, ಬದುಕು ಹೇಗೆ ಬದಲಾಯಿತು ಎಂಬುದಕ್ಕೆ ಬರುತ್ತೇನೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಏಕೆಂದರೆ ಹಳೆಯದಕ್ಕಾಗಿ ನಿಟ್ಟುಸಿರು ಬಿಡುವುದು ನಮ್ಮ ವಯಸ್ಸಿನವರ ಚಟ. ಚಾಪೆಲ್‌ನಲ್ಲಿ ಬಹಿಷ್ಕಾರವಿತ್ತು. ಮದುವೆಗೆ ಮುಂಚೆ ಬಸುರಾದ ಹುಡುಗಿಯನ್ನು ಸಭೆಯ ಮುಂದೆ ಹೆಸರು ಹೇಳಿ ಹೊರಗೆ ಹಾಕುತ್ತಿದ್ದರು. ತೊಂಬತ್ತರ ಹತ್ತಿರದ ಒಬ್ಬಾಕೆ ಮಂಡಿ ನೋವಿಗೆಂದು ಬಂದವರು ಮಂಡಿಯ ಮಾತು ಬಿಟ್ಟು, ತಮ್ಮ ಅಕ್ಕನನ್ನು ಹಾಗೆ ಹೊರಗೆ ಹಾಕಿದ ದಿನದ ಕಥೆ ಹೇಳಿದರು. ಅಕ್ಕ ಆಮೇಲೆ ಆ ಬೀದಿಯಲ್ಲಿ ನಡೆಯಲೇ ಇಲ್ಲವಂತೆ, ಹಿಂದಿನ ಓಣಿಯಲ್ಲೇ ಓಡಾಡಿದಳಂತೆ. ಆ ಮಾತಿಗೆ ಮಾತ್ರೆ ಎಲ್ಲಿಂದ ತರಲಿ? 2021ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ತಂದೆತಾಯಿಗೆ ಮದುವೆಯಾಗಿರಲಿಲ್ಲ. ಇದನ್ನು ಕೇಳಿ ಕೆಲವರು ಹುಬ್ಬೇರಿಸುತ್ತಿದ್ದೀರಿ, ಕಾಣಿಸುತ್ತಿದೆ. ನಾನು ಆ ಮಕ್ಕಳಿಗೆ ಲಸಿಕೆ ಹಾಕಿದವನು. ಅವುಗಳನ್ನು ಎತ್ತಿಕೊಂಡು ಬಂದ ಅಪ್ಪಂದಿರಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಯಾರೂ ಹಿಂದಿನ ಓಣಿಯಲ್ಲಿ ಓಡಾಡಲಿಲ್ಲ.

ದೇವರ ಭಯವಿಲ್ಲದೆ ಜನ ಕೆಡುವುದಿಲ್ಲವೇ ಎಂದು ಊರಿಗೆ ಬಂದಾಗಲೆಲ್ಲ ಕೇಳುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಆ ಕಣಿವೆಯಲ್ಲಿ ಯಾರೂ ನನ್ನ ಜೇಬು ಕತ್ತರಿಸಲಿಲ್ಲ. ಕತ್ತರಿಸಿದ್ದು ನಮ್ಮ ಕಡೆಯ ಒಂದು ಜಾತ್ರೆಯಲ್ಲಿ, ತೇರು ಎಳೆಯುವಾಗ.

ಭಾನುವಾರ ಹೋಯಿತು. ಭಾನುವಾರ ಹೆಂಡದಂಗಡಿ ತೆರೆಯಬೇಕೇ ಎಂಬ ವಿಷಯಕ್ಕೆ 1961ರಿಂದ ಏಳು ವರ್ಷಕ್ಕೊಮ್ಮೆ ಜಿಲ್ಲಾವಾರು ಮತದಾನ ನಡೆಯುತ್ತಿತ್ತು. ಕೊನೆಯವರೆಗೂ ಹಟ ಹಿಡಿದ ವಾಯವ್ಯದ ದುಯಿವೋರ್ ಸೀಮೆ 1996ರಲ್ಲಿ ಸೋತಿತು. ಉಳಿದ ಅಂಗಡಿಗಳು 1994ರ ಕಾನೂನಿನಿಂದ ಭಾನುವಾರವೂ ತೆರೆದಿದ್ದವು. ಅಂಗಡಿ ತೆರೆಯಿತು ಎಂದರೆ ಅಲ್ಲಿ ದುಡಿಯುವವರಿಗೆ ವಾರದ ರಜೆ ಎಲ್ಲರೊಂದಿಗೆ ಒಂದೇ ದಿನ ಸಿಗುವುದಿಲ್ಲ ಎಂದು ಅರ್ಥ. ಗಂಡನಿಗೆ ಮಂಗಳವಾರ, ಹೆಂಡತಿಗೆ ಗುರುವಾರ. ದೇವರನ್ನು ಬಿಟ್ಟವರು ದೇವರ ದಿನವನ್ನಾದರೂ ಉಳಿಸಿಕೊಳ್ಳಬಹುದಿತ್ತು ಎಂದು ನನಗೆ ಅನ್ನಿಸುತ್ತದೆ.

ಆದರೆ ದೊಡ್ಡ ಬದಲಾವಣೆ ಸಾವಿನ ಮನೆಯಲ್ಲಿ. ಮೊದಲು ಪಾದ್ರಿ ಬರುತ್ತಿದ್ದ, ಮಾತುಗಳು ಸಿದ್ಧವಿದ್ದವು. ಈಗ ಸತ್ತ ಮರುದಿನವೇ ಮಕ್ಕಳು ಕೂತು ಬರೆಯಬೇಕು: ಯಾವ ಹಾಡು, ಯಾವ ಚಿತ್ರ, ಯಾರು ಮಾತಾಡುವುದು, ಕಪ್ಪು ಬಟ್ಟೆಯೋ ಅಪ್ಪನ ರಗ್ಬಿ ತಂಡದ ಕೆಂಪು ಬಟ್ಟೆಯೋ. ಇದನ್ನು ನಡೆಸಿಕೊಡುವುದೇ ವೃತ್ತಿಯಾದವರೂ ಇದ್ದಾರೆ. ಅವರು ಮನೆಗೆ ಬಂದು ಎರಡು ಗಂಟೆ ಕೂತು, ಸತ್ತವರ ಕಥೆ ಕೇಳಿ ಬರೆದುಕೊಂಡು ಹೋಗಿ ಚಂದವಾಗಿ ಓದುತ್ತಾರೆ. ಒಳ್ಳೆಯದೇ. ಪಾದ್ರಿಗೆ ಗೊತ್ತಿರದಿದ್ದ ಪಾರಿವಾಳಗಳು ಈಗ ಮಾತಿನೊಳಗೆ ಬರುತ್ತವೆ. ಆದರೆ ಅಳುವುದಕ್ಕೆ ಮುಂಚೆಯೇ ಕೂತು ಬರೆಯಬೇಕಾದ ಮನೆಯವರ ಮುಖ ನಾನು ನೋಡಿದ್ದೇನೆ. ನಮ್ಮ ಪುರೋಹಿತರು ಹೇಳುವ ಮಂತ್ರ ನನಗೆ ಅರ್ಥವಾಗದಿದ್ದರೂ, ‘ಈಗ ದರ್ಭೆ ಹಿಡಿ, ಈಗ ನೀರು ಬಿಡು’ ಎಂದು ಹೇಳಲು ಒಬ್ಬರಿದ್ದರು. ನನ್ನ ಕೈಗೆ ಕೆಲಸವಿತ್ತು, ತಲೆಗೆ ಕೆಲಸವಿರಲಿಲ್ಲ. ಇತ್ತೀಚೆಗೆ ಅಲ್ಲಿ ಇನ್ನೊಂದು ಬಗೆ ಹೆಚ್ಚುತ್ತಿದೆ: ಯಾರೂ ಹೋಗುವುದೇ ಇಲ್ಲ. ಸಂಸ್ಥೆಯವರು ಒಯ್ದು ದಹಿಸಿ ಬೂದಿಯನ್ನು ಮನೆಗೆ ತಲುಪಿಸುತ್ತಾರೆ. ಖರ್ಚು ಕಡಿಮೆ. ನನಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ.

ಧರ್ಮ ಬಿಟ್ಟವರೆಲ್ಲ ‘ಸತ್ತ ಮೇಲೆ ಏನೂ ಇಲ್ಲ’ ಎನ್ನುತ್ತಾರೆಂದು ತಿಳಿಯಬೇಡಿ. ಸಮಾಜಶಾಸ್ತ್ರಜ್ಞೆ ಗ್ರೇಸ್ ಡೇವಿ ತೊಂಬತ್ತರ ದಶಕದಲ್ಲೇ ಬ್ರಿಟನ್ನಿನವರ ಬಗ್ಗೆ, ಇವರು ನಂಬುತ್ತಾರೆ, ಸೇರುವುದಿಲ್ಲ ಎಂಬರ್ಥದ ಮಾತು ಹೇಳಿದ್ದರು. ನನ್ನ ದವಾಖಾನೆಯ ಕಿಟಕಿಯ ಹೊರಗೆ ಎದೆ ಕೆಂಪಗಿನ ರಾಬಿನ್ ಹಕ್ಕಿ ಬಂದು ಕೂರುತ್ತಿತ್ತು. ಗಂಡ ಸತ್ತ ಒಬ್ಬಾಕೆ ಅದನ್ನು ನೋಡಿ, “ಅವನೇ. ದಿನಾ ಅಡುಗೆಮನೆಯ ಹತ್ತಿರ ಬರುತ್ತಾನೆ” ಎಂದರು. ಆಕೆಯ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಚಾಪೆಲ್‌ಗೆ ಹೋದವರಲ್ಲ. ಸತ್ತವರು ರಾಬಿನ್ ಆಗಿ ಬರುತ್ತಾರೆಂಬುದು ಅಲ್ಲಿ ಬಹಳ ಜನ ಆಡುವ ಮಾತು. ನನಗೆ ತಕ್ಷಣ ನೆನಪಾದದ್ದು ಪಿಂಡಕ್ಕೆ ಕಾಗೆ ಬಾರದೆ ನಾವು ಹೊಳೆಯ ದಂಡೆಯಲ್ಲಿ ಒಂದೂವರೆ ಗಂಟೆ ಕಾದದ್ದು. ಅಣ್ಣ ಕೊನೆಗೆ, “ಅಪ್ಪಾ, ತಂಗಿಯ ಮದುವೆ ನಾವು ಮಾಡುತ್ತೇವೆ, ಬಾ” ಎಂದು ಕೂಗಿ ಹೇಳಿದ ಮೇಲೆ ಬಂತು. ನಮ್ಮ ಕಾಗೆ ಸಾಲ ಕೇಳುವವನ ಹಾಗೆ ಮಾತು ಪಡೆದುಕೊಂಡೇ ಹೋಗುತ್ತದೆ. ಅವರ ರಾಬಿನ್ ಏನನ್ನೂ ಕೇಳುವುದಿಲ್ಲ, ಬಂದು ಕೂತು ಹೋಗುತ್ತದೆ. ಧರ್ಮ ಬಿಟ್ಟ ಲೋಕಕ್ಕೂ ನಮ್ಮದಕ್ಕೂ ಇರುವ ವ್ಯತ್ಯಾಸ ಈ ಎರಡು ಹಕ್ಕಿಗಳಲ್ಲಿ ಇದೆ ಎಂದು ನನಗೆ ಅನ್ನಿಸಿದೆ.

ವೇಲ್ಸ್‌ನ ಈ ಕಥೆಯ ಒಂದು ತುದಿ ನಮ್ಮ ಈಶಾನ್ಯದಲ್ಲೂ ಇದೆ. 1841ರಲ್ಲಿ ಥಾಮಸ್ ಜೋನ್ಸ್ ಎಂಬ ವೇಲ್ಸ್‌ನ ಬಡಗಿಯ ಮಗ ಚಿರಾಪುಂಜಿಗೆ ಬಂದು, ಖಾಸಿ ನುಡಿಯನ್ನು ರೋಮನ್ ಲಿಪಿಯಲ್ಲಿ ವೆಲ್ಷ್ ಕಾಗುಣಿತದ ರೀತಿಯಲ್ಲಿ ಬರೆಯುವುದನ್ನು ಕಲಿಸಿದ. ನಮಗೆ ಕಿಟ್ಟೆಲ್ ಇದ್ದ ಹಾಗೆ ಅವರಿಗೆ ಆತ. 1904ರ ಆ ಭಕ್ತಿಯ ಕಿಚ್ಚು ಹಡಗು ಹತ್ತಿ 1905ರಲ್ಲಿ ಖಾಸಿ ಬೆಟ್ಟಕ್ಕೆ, ಮರುವರ್ಷ ಮಿಜೋ ಬೆಟ್ಟಕ್ಕೆ ತಲುಪಿತು. 2011ರ ಜನಗಣತಿಯಲ್ಲಿ ಮಿಜೋರಾಂನ ಕ್ರೈಸ್ತರು 87.16%. ಈಗ ಮಿಜೋರಾಂನ ಸಭೆಗಳು ವೇಲ್ಸ್‌ಗೆ ಧರ್ಮಪ್ರಚಾರಕರನ್ನು ಕಳುಹಿಸುತ್ತಿವೆ! ಅಜ್ಜನ ಮನೆಯ ದೀಪ ಆರಿತೆಂದು ಮೊಮ್ಮಗ ಎಣ್ಣೆ ಹೊತ್ತು ಹೋದಂತೆ. ಧರ್ಮ ಬಿಡುವುದು ಜಗತ್ತೆಲ್ಲ ಒಂದೇ ದಿಕ್ಕಿಗೆ ಹರಿಯುವ ಹೊಳೆ ಎಂದು ಹೇಳುವವರಿಗೆ ನಾನು ಮಿಜೋರಾಂನ ರಾಜಧಾನಿ ಐಜಾಲ್‌ನ ಭಾನುವಾರವನ್ನು ನೋಡಿ ಬನ್ನಿ ಎನ್ನುತ್ತೇನೆ.

ನಮ್ಮಲ್ಲಿ? 2011ರಲ್ಲಿ ಭಾರತದಲ್ಲಿ ಧರ್ಮವನ್ನು ತಿಳಿಸದವರು 0.24%. ಬೆಂಗಳೂರಿನಲ್ಲಿ ಎಚ್. ನರಸಿಂಹಯ್ಯನವರಂಥವರು ಕುಲಪತಿಯಾಗಿದ್ದುಕೊಂಡೇ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದ ನಾಡು ಇದು. ಪ್ರಶ್ನೆ ಕೇಳುವುದಕ್ಕೆ ಇಲ್ಲಿ ಬರವಿಲ್ಲ. ಆದರೆ ನನಗೆ ಇನ್ನೂ ಹೆಚ್ಚು ಜಾಣತನದ್ದೆಂದು ಕಾಣುವುದು ಕುವೆಂಪು ಮಾಡಿದ್ದು. 1966ರಲ್ಲಿ ಮಗನ ಮದುವೆಯನ್ನು ಪುರೋಹಿತರಿಲ್ಲದೆ, ಮುಹೂರ್ತವಿಲ್ಲದೆ, ವರದಕ್ಷಿಣೆಯಿಲ್ಲದೆ, ಮಂತ್ರ ಮಾಂಗಲ್ಯ ಎಂಬ ಕ್ರಮದಲ್ಲಿ ಮಾಡಿದರು. ಬರೀ ‘ಬೇಡ’ ಎನ್ನಲಿಲ್ಲ. ಬೇಡವಾದದ್ದನ್ನು ತೆಗೆದ ಜಾಗದಲ್ಲಿ ಓದಲು ಮಾತು ಕೊಟ್ಟರು, ನಿಂತು ಮಾಡಲು ಒಂದು ವಿಧಿ ಕೊಟ್ಟರು. ಮದುವೆಗೆ ಅದು ಸಿಕ್ಕಿತು. ಸಾವಿಗೆ ಅಂಥದ್ದನ್ನು ಕನ್ನಡದಲ್ಲಿ ಯಾರಾದರೂ ಇನ್ನೂ ಬರೆಯಬೇಕು.

ಕಾರ್ಡಿಫ್‌ನಲ್ಲಿ ನನ್ನ ಕನ್ನಡದ ಸ್ನೇಹಿತರೊಬ್ಬರ ಮಗಳು ಜನಗಣತಿಯಲ್ಲಿ ‘ಯಾವ ಧರ್ಮವೂ ಇಲ್ಲ’ ಎಂದು ಗುರುತು ಹಾಕಿದಳು. ಅಪ್ಪನಿಗೆ ಬೇಸರ. ಅವಳೇ ಪ್ರತಿ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಮನೆಮನೆ ತಿರುಗುತ್ತಾಳೆ. ಕೇಳಿದರೆ, “ಅಂಕಲ್, ಅದು ಧರ್ಮ ಅಲ್ಲ, ಅದು ಅಜ್ಜಿ” ಎಂದಳು.

ಇಲ್ಲಿಗೆ ಮಾತು ನಿಲ್ಲಿಸಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ ನಿವೃತ್ತ ಮೇಷ್ಟ್ರೊಬ್ಬರು ಎದ್ದು ಕೇಳಿದರು: “ಎಲ್ಲ ಸರಿ ಡಾಕ್ಟರೇ, ಅಲ್ಲಿ ಸೂತಕ ಎಷ್ಟು ದಿನ?”

ಸಭೆ ನಕ್ಕಿತು. ಲಿಂಗಾಯತ ಹಿರಿಯರೊಬ್ಬರು, “ನಮ್ಮ ಶರಣರು ಒಂಬೈನೂರು ವರ್ಷದ ಹಿಂದೆಯೇ ಸೂತಕವಿಲ್ಲ ಎಂದಿದ್ದಾರೆ” ಎಂದರು. ಪಕ್ಕದಲ್ಲಿದ್ದ ಅವರ ಮಡದಿ, “ಅತ್ತೆ ಹೋದಾಗ ಮನೆಯಲ್ಲಿ ಒಗ್ಗರಣೆ ಹಾಕಲು ಬಿಟ್ಟಿರಾ?” ಎಂದು ಕೇಳಿ ಅವರನ್ನು ಕೂರಿಸಿದರು.

ನಾನು ನಗಲಿಲ್ಲ, ಏಕೆಂದರೆ ಆ ಸಂಜೆ ಯಾರಾದರೂ ಕೇಳಬಹುದಾಗಿದ್ದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ಹದಿನೆಂಟರೊಳಗಿನ ಮಗುವನ್ನು ಕಳೆದುಕೊಂಡ ತಂದೆತಾಯಿಗೆ 2020ರ ಏಪ್ರಿಲ್‌ನಿಂದ ಅಲ್ಲಿ ಎರಡು ವಾರದ ರಜೆ ಕಾನೂನಿನಲ್ಲೇ ಇದೆ. ಅಪ್ಪ ಸತ್ತರೆ, ನಾನು ಅಲ್ಲಿದ್ದ ಕಾಲದಲ್ಲಿ, ಕೆಲಸ ಕೊಟ್ಟವರ ಮರ್ಜಿ. ಮೊದಲಿಗೆ ಹೇಳಿದೆನಲ್ಲ, ಆ ಗಣಿಯವರ ಮಗಳು, ಆಕೆ ಒಂದು ದೊಡ್ಡ ಅಂಗಡಿಯಲ್ಲಿ ಹಣ ತೆಗೆದುಕೊಳ್ಳುವ ಕೆಲಸದಲ್ಲಿದ್ದಳು. ದಹನವಾದ ಎರಡನೆಯ ದಿನ ಕೆಲಸಕ್ಕೆ ಹೋದಳು. ಯಾರೂ ಅವಳನ್ನು ಮುಟ್ಟದೆ ದೂರ ಸರಿಯಲಿಲ್ಲ, ನಿಜ. ಯಾರೂ ಅವಳ ಮನೆಗೆ ಅನ್ನ ತಂದುಕೊಡಲೂ ಇಲ್ಲ. ಮೂರು ತಿಂಗಳ ನಂತರ ನನ್ನ ಎದುರಿನ ಕುರ್ಚಿಯಲ್ಲಿ ಕೂತು, “ಇದು ಎಷ್ಟು ದಿನ ಇರುತ್ತದೆ ಡಾಕ್ಟರ್?” ಎಂದಳು. ನಿದ್ರೆಯಿಲ್ಲ, ಹಸಿವಿಲ್ಲ. ನನ್ನ ನಾಲಿಗೆಯ ತುದಿಗೆ ಬಂದದ್ದು ಹದಿಮೂರು ಎಂಬ ಸಂಖ್ಯೆ. ಹೇಳಲಿಲ್ಲ. ಹೇಳಿದರೂ ಅವಳ ಪಾಲಿನ ಹದಿಮೂರು ದಿನ ಆಗಲೇ ಏಳು ಸಲ ಮುಗಿದುಹೋಗಿತ್ತು.

ಮಾತ್ರೆ ಬರೆಯಲಿಲ್ಲ. ಅದೇ ಚೀಟಿಯ ಹಿಂಬದಿಯಲ್ಲಿ ಊರಿನ ಗಾಯನ ಮೇಳದ ಸಮಯ ಬರೆದುಕೊಟ್ಟೆ: ಗುರುವಾರ ಸಂಜೆ ಏಳಕ್ಕೆ, ಹಳೆಯ ಚಾಪೆಲ್‌ನ ಹಿಂದಿನ ಕೋಣೆಯಲ್ಲಿ. ಮುಂಭಾಗದಲ್ಲಿ ಈಗ ಕಾರ್ಪೆಟ್ ಅಂಗಡಿ ಇರುವುದರಿಂದ ಪಕ್ಕದ ಬಾಗಿಲಿನಿಂದ ಹೋಗಬೇಕು ಎಂದು ಕೆಳಗೆ ಸೇರಿಸಿದೆ.